ಎಡಕ್ಕೆ ತಿರುಗಿದಾಗ ಬರುವ ಸದ್ದು

ಆ ಸದ್ದು ನಿಂತುಹೋದರೆ ತಾನೇನು ಮಾಡುವುದು?

ಅಂದು ಬೆಳಗ್ಗೆ ಎದ್ದಾಗಿನಿಂದ ಅಮರಾವತಿಗೆ ಇದೊಂದೇ ಚಿಂತೆ. ಬಿ.ಎ. ಮುಗಿಸಿದ ಹುಡುಗಿ, ಕೆಟ್ಟುಹೋದ ಕಾರಿನ ಕರಕರ ಸದ್ದು ನಿಲ್ಲದಿರಲಿ ಎಂದು ಬೇಡಿಕೊಳ್ಳುತ್ತಿದ್ದಾಳೆ ಎಂದರೆ ಯಾರು ತಾನೆ ನಗುವುದಿಲ್ಲ? ಹಾಗಾಗಿ ಅವಳು ಯಾರಿಗೂ ಹೇಳಿರಲಿಲ್ಲ. ಹಂಡೆಯ ಒಲೆಗೆ ತೆಂಗಿನ ಗರಿ ತುರುಕುತ್ತ, ತನಗೆ ತಾನೇ ಒಪ್ಪಿಕೊಂಡಿದ್ದಳು, ಅಷ್ಟೇ...

ಅವರ ಮನೆಯಿದ್ದುದು ಚಿಂತಾಮಣಿಯಿಂದ ಕೈವಾರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಟಾರು ರಸ್ತೆ ಬಿಟ್ಟು ಎಡಕ್ಕೆ ತಿರುಗಿದರೆ ಅವರ ಬೀದಿ. ಅಪ್ಪ ಮುನಿನಾರಾಯಣಪ್ಪನವರ ಬಿಳಿ ಅಂಬಾಸಿಡರ್ ಆ ತಿರುವಿಗೆ ಬಂದಾಗಲೆಲ್ಲ ಗರ್... ಎಂದು ಏನನ್ನೋ ಅರೆದಂತೆ ಸದ್ದು ಮಾಡುತ್ತಿತ್ತು. ಕಳೆದ ಆಯುಧಪೂಜೆ ಮುಗಿದ ಮೇಲೆ ಶುರುವಾದದ್ದು ಅದು. ಸದ್ದು ಕೇಳಿದ ಕೂಡಲೇ ಅಮರಾ ಓದುತ್ತಿದ್ದುದನ್ನು ಮಡಚಿಟ್ಟು ಅಪ್ಪನ ಕಾಲಿಗೆ ನೀರು ಎತ್ತಿಡುತ್ತಿದ್ದಳು.

"ನೋಡಿಸ್ಬೇಕು ಕಣಮ್ಮ, ಯಾವುದೋ ಚಕ್ರ ಅರೀತಾ ಇದೆ" ಎನ್ನುತ್ತಲೇ ಅವರು ಒಳಗೆ ಬರುತ್ತಿದ್ದರು.

ನೋಡಿಸಲಿಲ್ಲ. ಕಾರ್ತಿಕದ ಒಂದು ಮಧ್ಯಾಹ್ನ, ತೋಟದ ಪಂಪ್‌ಸೆಟ್ ಮನೆಯ ನೆರಳಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಈಗ ಎಂಬತ್ತೊಂಬತ್ತರ ಸಂಕ್ರಾಂತಿ ಕಳೆದಿತ್ತು. ಕಾರನ್ನು ದಿನವೂ ಓಡಿಸುತ್ತಿದ್ದವರು ಅಮರಾಳ ಸೋದರಮಾವ ಆವುಲಪ್ಪ. ಅವರು ಬೀದಿಗೆ ತಿರುಗಿದಾಗಲೂ ಅದೇ ಸದ್ದು. ಪ್ರತಿ ಸಲವೂ ಒಂದು ಉಸಿರಿನಷ್ಟು ಹೊತ್ತು, ಬರೀ ಒಂದು ಉಸಿರಿನಷ್ಟು, ಅಪ್ಪ ಬಂದರು ಎಂದುಕೊಳ್ಳುತ್ತಿದ್ದಳು ಅಮರಾ. ಉಳಿದ ಇಡೀ ದಿನವನ್ನು ಆ ಒಂದು ಉಸಿರಿನ ಮೇಲೆ ತಳ್ಳುತ್ತಿದ್ದಳು.

ಮಾವ ಕಾರು ಮಾರಲು ನಿಶ್ಚಯಿಸಿದ್ದರು. ಸದ್ದು ಮಾಡುವ ಗಾಡಿಯನ್ನು ಯಾರು ತಗೊಳ್ಳುತ್ತಾರೆ? ಅದಕ್ಕೇ ಚಿಂತಾಮಣಿಯ ಲಾಲ್ ಬಾಷಾ ಗ್ಯಾರೇಜಿಗೆ ಹೇಳಿಕಳಿಸಿದ್ದರು, ಮನೆ ಹತ್ತಿರಕ್ಕೇ ಒಬ್ಬ ಮೆಕ್ಯಾನಿಕ್ ಬರಲಿ ಎಂದು. ಸದ್ದು ನಿಂತರೆ ಕಾರೂ ಹೋಗುತ್ತದೆ. ಎರಡೂ ಹೋದ ಮೇಲೆ ಆ ತಿರುವಿನಲ್ಲಿ ಇನ್ನೇನು ಉಳಿಯುತ್ತದೆ?

ಮೆಕ್ಯಾನಿಕ್ ಬಂದ. ಸೈಕಲ್ಲಿನ ಹಿಂದೆ ಚೀಲ ಕಟ್ಟಿಕೊಂಡು ಬಂದ ತೆಳ್ಳಗಿನ ಎತ್ತರದ ಯುವಕ. ಬಂದವನೇ ಕಾರಿನ ಮುಂಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡತೊಡಗಿದ. ಅಮರಾ ಬಾಗಿಲಲ್ಲಿ ನಿಂತು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಒಮ್ಮೆ ಆಡಿ ನೋಡಿಕೊಂಡು, ಆಮೇಲೆ ಬಾಯಿಬಿಟ್ಟಳು.

"ಕೀ ಬೇಕಾ?"

ಅವನು ತಿರುಗಲಿಲ್ಲ.

ಇನ್ನೊಮ್ಮೆ ಕೇಳಿದಳು. ಅವನು ತಲೆಯನ್ನೂ ಎತ್ತಲಿಲ್ಲ. ಒಂದೊಂದು ಮಾತಿಗೂ ಧೈರ್ಯ ಕೂಡಿಸಿಕೊಳ್ಳಬೇಕಾದ ಹುಡುಗಿಗೆ ಇದು ಕೆನ್ನೆಗೆ ಹೊಡೆದಂತಾಯಿತು. 'ಎಷ್ಟು ಜಂಬ ಇವನಿಗೆ...' ಎಂದುಕೊಂಡು ಕೀಯನ್ನು ಜಗಲಿಯ ಮೇಲೆ ಟಣ್ಣನೆ ಇಟ್ಟು ಒಳಗೆ ಹೋಗಿಬಿಟ್ಟಳು.

ಸ್ವಲ್ಪ ಹೊತ್ತಿಗೆ ಹೊರಗಿನಿಂದ ಮಾವನ ಕೂಗು. ಮೆಕ್ಯಾನಿಕ್ಕಿನ ಹೆಸರು ಚನ್ನಕೇಶವ. ಅವನು ಗಾಡಿ ಓಡಿಸುವಾಗ ಆ ಸದ್ದು ಕೇಳಿ ಗೊತ್ತಿರುವವರು ಯಾರಾದರೂ ಹಿಂದೆ ಕೂತು, ಯಾವ ಕಡೆಯಿಂದ ಬರುತ್ತಿದೆ ಎಂದು ಹೇಳಬೇಕಂತೆ.

"ನನಗೆ ಸ್ಟೇರಿಂಗ್ ಹಿಡ್ಕಳೋದೇ ಸಾಕಾಗಿರುತ್ತೆ, ಸದ್ದು ಎಲ್ಲಿಂದ ಬಂತು ಅಂತ ಯಾವನು ನೋಡ್ದ. ನೀನು ಹೋಗಿ ಕೂತ್ಕೊಳಮ್ಮ ಅಮರಾ" ಎಂದರು ಮಾವ.

ಮನೆಯ ಪಕ್ಕದಲ್ಲೇ ಕಣ. ರಾಗಿ ಒಕ್ಕಣೆ ಮುಗಿದು ಬಯಲಾಗಿತ್ತು. ಅಮ್ಮ ಅಮ್ಮಾಜಮ್ಮ ಜಗಲಿಯ ಮೇಲೆ ಕೂತು ನೋಡುತ್ತಿದ್ದಂತೆ ಕಾರು ಕಣದಲ್ಲಿ ಸುತ್ತತೊಡಗಿತು. ಬಲಕ್ಕೆ ಸುತ್ತಿದಾಗ ಸದ್ದಿಲ್ಲ. ಎಡಕ್ಕೆ ಸುತ್ತಿದ ಕೂಡಲೇ... ಗರ್...

ಅಮರಾ ಕಣ್ಣು ಮುಚ್ಚಿಕೊಂಡಳು.

"ಯಾವ ಕಡೆ?" ಎಂದು ಕೇಳಿದ ಅವನು. ಮತ್ತೊಂದು ಸುತ್ತು ಹೊಡೆದ, ಮತ್ತೆ ಕೇಳಿದ. ಕೊನೆಗೆ ಕಾರು ನಿಲ್ಲಿಸಿ, ಬಲಗಿವಿ ಅವಳ ಕಡೆಗೆ ಬರುವಂತೆ ಕತ್ತು ತಿರುಗಿಸಿ ತಗ್ಗಿದ ದನಿಯಲ್ಲಿ ಹೇಳಿದ.

"ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳ್ಬೇಡಿ. ನನಗೆ ಎಡಗಿವಿ ಕೇಳ್ಸಲ್ಲ. ಚಿಕ್ಕವನಾಗಿದ್ದಾಗ ಕೀವು ಬಂದು ಹೋಯ್ತು. ಸದ್ದು ಬರೋದು ಗೊತ್ತಾಗುತ್ತೆ, ಎಲ್ಲಿಂದ ಅಂತ ಗೊತ್ತಾಗಲ್ಲ. ನನಗೆ ಲೋಕದ ಸದ್ದೆಲ್ಲ ಬಲಗಡೆಯಿಂದಾನೇ ಬರೋದು."

ಅಮರಾಗೆ ಬೆಳಗಿನ ಕೀ ನೆನಪಾಯಿತು. ಅವಳು ನಿಂತಿದ್ದದ್ದು ಅವನ ಎಡಕ್ಕೆ!

ಗ್ಯಾರೇಜಿನಲ್ಲಿ ಇದು ಯಾರಿಗೂ ತಿಳಿಯದಂತೆ ನೋಡಿಕೊಂಡಿದ್ದೇನೆ ಎಂದ ಅವನು. ಉಸ್ತಾದ್ ಲಾಲ್ ಬಾಷಾಗೆ ಗೊತ್ತಾದರೆ ಮಾರನೆಯ ದಿನದಿಂದ ಕೆಲಸ ಇರುವುದಿಲ್ಲ. ಕಿವಿ ಕೇಳದ ಮೆಕ್ಯಾನಿಕ್ಕಿನ ಹತ್ತಿರ ಯಾರು ಗಾಡಿ ಬಿಡುತ್ತಾರೆ?

ಮತ್ತೆ ತನಗೇಕೆ ಹೇಳಿದ? ಅವಳು ಕೇಳಲಿಲ್ಲ. ಮುಂದಿನ ಕನ್ನಡಿಯಲ್ಲಿ ಅವಳ ಕಣ್ಣು ನೋಡಿ ಅವನೇ ಅರ್ಥಮಾಡಿಕೊಂಡ.

"ನಿಮ್ಮಪ್ಪ ಗಾಡಿ ತಂದಾಗೆಲ್ಲ ನಿಮ್ಮ ಸುದ್ದೀನೇ ಹೇಳೋರು. ನನ್ನ ಮಗಳ ಹೊಟ್ಟೇಲಿ ಬಿದ್ದ ಮಾತು ಆಚೆಗೆ ಬರಲ್ಲ ಕಣಯ್ಯ ಅಂತಿದ್ರು."

ಕಾರು ಮತ್ತೆ ಎಡಕ್ಕೆ ತಿರುಗಿತು. ಸದ್ದು ಸ್ಪಷ್ಟವಾಗಿ, ಅನುಮಾನಕ್ಕೆ ಎಡೆಯಿಲ್ಲದಂತೆ, ಅವನ ಪಾದದ ಕೆಳಗಿನಿಂದಲೇ ಬರುತ್ತಿತ್ತು. ಬಲಗಡೆಯ ಮುಂಚಕ್ರ. ಒಂದು ಮಾತು ಹೇಳಿದರೆ ಸಾಕು, ಸಂಜೆಯೊಳಗೆ ಅದು ಶಾಶ್ವತವಾಗಿ ಸುಮ್ಮನಾಗುತ್ತದೆ...

"ಎಡಗಡೆ" ಎಂದಳು ಅಮರಾ.

ಅವನ ಕಿವಿಗೆ ಬಿದ್ದ ಅವಳ ಮೊದಲ ಮಾತೇ ಸುಳ್ಳು.

ಚನ್ನಕೇಶವ ಒಂದು ಕ್ಷಣ ಯೋಚಿಸಿದ. ಎಡಕ್ಕೆ ತಿರುಗಿದಾಗ ಗಾಡಿ ಬಲಕ್ಕೆ ವಾಲುತ್ತದೆ, ಭಾರವೆಲ್ಲ ಬಲಚಕ್ರದ ಮೇಲೆ ಬೀಳುತ್ತದೆ, ಸಾಮಾನ್ಯವಾಗಿ ಅದರ ಬೇರಿಂಗೇ ಅರೆಯುವುದು ಎಂದು ವಿವರಿಸಿದ. ಎರಡೂ ಚಕ್ರಗಳನ್ನು ಜಾಕಿಯ ಮೇಲೆ ಎತ್ತಿ ಕೈಯಿಂದ ತಿರುಗಿಸಿದ. ಮೇಲೆ ಭಾರವಿಲ್ಲದಾಗ ಎರಡೂ ತುಟಿಪಿಟಕ್ಕೆನ್ನಲಿಲ್ಲ.

"ಇರ್ಲಿ, ಕೇಳಿಸ್ಕೊಂಡಿರೋರು ನೀವು" ಎಂದು ಎಡಚಕ್ರವನ್ನೇ ಬಿಚ್ಚಿದ.

ಬಿಚ್ಚಿದರೆ ಒಳಗಿನ ಗ್ರೀಸು ಬೆಳ್ಳಗೆ ಮಜ್ಜಿಗೆಯಂತಾಗಿತ್ತು. ಬೆರಳಲ್ಲಿ ತೆಗೆದು ಅವಳಿಗೆ ತೋರಿಸಿದ.

"ನೀರು ಹೋಗಿದೆ. ಗಾಡೀನ ಕೆರೆಗೆ ಇಳಿಸಿದ್ರಾ?"

ಇಳಿಸಿದ್ದರು. ಆಯುಧಪೂಜೆಯ ಹಿಂದಿನ ದಿನ ಊರಿನ ಗಾಡಿಗಳೆಲ್ಲ ಕೆರೆಯಲ್ಲಿ ಸ್ನಾನ ಮಾಡುವುದು ವಾಡಿಕೆ. ಟ್ರ್ಯಾಕ್ಟರು, ಸ್ಕೂಟರು, ಎತ್ತಿನಗಾಡಿ ಎಲ್ಲ. ಅಪ್ಪ ಪಂಚೆ ಎತ್ತಿಕಟ್ಟಿ, ಚಕ್ರ ಅರ್ಧ ಮುಳುಗುವವರೆಗೆ ಕಾರನ್ನು ನೀರಿಗೆ ಇಳಿಸಿ, ಮಗುವಿನ ಮೈ ತಿಕ್ಕಿದಂತೆ ತಿಕ್ಕಿದ್ದರು. ಅವಳು ಏರಿಯ ಮೇಲೆ ಕೂತು ಬೂದುಗುಂಬಳ ಕಾಯುತ್ತಿದ್ದಳು. ಅಲ್ಲಿಂದಲೇ ಅವಳತ್ತ ನೀರು ಎರಚಿ ನಕ್ಕಿದ್ದರು ಅಪ್ಪ.

ಇದನ್ನೆಲ್ಲ ಅವಳು ಹೇಳಿದಳು. ಅಪ್ಪ ಹೋದ ಮೇಲೆ ಯಾರ ಹತ್ತಿರವೂ ಇಷ್ಟು ಮಾತಾಡಿರಲಿಲ್ಲ. ಹೇಳುತ್ತ ಹೇಳುತ್ತ ತಾನು ಯಾವಾಗ ಅವನ ಬಲಕ್ಕೆ ಬಂದು ನಿಂತೆ ಎಂಬುದು ಅವಳಿಗೇ ತಿಳಿಯಲಿಲ್ಲ.

ಪ್ರತಿವರ್ಷ ಹಬ್ಬ ಮುಗಿದ ಮೇಲೆ ಗ್ಯಾರೇಜಿಗೆ ಇಂಥ ಗಾಡಿಗಳೇ ಬರುವುದು ಎಂದ ಅವನು. ಪೂಜೆಗೆಂದು ತೊಳೆಯುತ್ತಾರೆ, ಗ್ರೀಸೂ ತೊಳೆದುಹೋಗುತ್ತದೆ, ಬೇರಿಂಗು ತುಕ್ಕು ಹಿಡಿಯುತ್ತದೆ. ಬಲಗಡೆಯದನ್ನೂ ಬಿಚ್ಚಿ ನೋಡಿಬಿಡೋಣ ಎಂದು ಅವನು ಮಾವನನ್ನು ಕೇಳಿಕೊಂಡ.

"ಮಾರೋ ಗಾಡಿಗೆ ಎಷ್ಟು ಸಿಂಗಾರ ಮಾಡ್ತೀಯಪ್ಪ? ಕೆಟ್ಟಿರೋದು ಎಡಗಡೆ ತಾನೆ, ಅದೊಂದು ಮಾಡು ಸಾಕು" ಎಂದುಬಿಟ್ಟರು ಆವುಲಪ್ಪ.

ಹೊಸ ಬೇರಿಂಗು ಬೆಂಗಳೂರಿನಿಂದ ಬರಬೇಕಿತ್ತು. ಅದು ತಡವಾದಷ್ಟೂ ಚನ್ನಕೇಶವ ಬಂದು ಬಂದು ಹೋದ. ಬಂದಾಗ ಒಂದು ಸಣ್ಣ ಕೆಲಸ ಹುಡುಕಿಕೊಳ್ಳುತ್ತಿದ್ದ. ಬ್ರೇಕು ನೋಡಿದ, ಬಾಗಿಲಿನ ಹಿಡಿ ಸರಿಮಾಡಿದ. ಅಮರಾ ಕಾಫಿ ಲೋಟ ತಂದು ಅವನ ಬಲಕ್ಕೆ ಬಂದು ನಿಲ್ಲುವಳು. ತಗ್ಗಿದ ಅವಳ ದನಿಗೆ ಮನೆಯವರೆಲ್ಲ "ಆ್ಞ? ಏನು?" ಎನ್ನುತ್ತಿದ್ದರೆ, ಒಂದೇ ಕಿವಿಯ ಈ ಮನುಷ್ಯನಿಗೆ ಮಾತ್ರ ಅವಳ ಪ್ರತಿ ಮಾತೂ ಮೊದಲ ಸಲಕ್ಕೇ ಕೇಳಿಸುತ್ತಿತ್ತು.

ಅವನ ಊರು ಗೌರಿಬಿದನೂರಿನ ಕಡೆಯ ಮಂಚೇನಹಳ್ಳಿ. ಎಡಗಡೆಯಿಂದ ಕರೆದವರಿಗೆ ಓಗೊಡದೆ, ಊರಿನಲ್ಲೂ ಗ್ಯಾರೇಜಿನಲ್ಲೂ ಜಂಬದವನು ಎಂಬ ಹೆಸರು ಪಡೆದಿದ್ದನಂತೆ.

"ನಾನೂ ಹಂಗೇ ಅಂದ್ಕೊಂಡಿದ್ದೆ" ಎಂದಳು ಅಮರಾ.

"ನಿಮ್ಮನ್ನೂ ಜಂಬದೋಳು ಅಂತಾರೆ, ಗೊತ್ತಾ? ಇಬ್ಬರದೂ ಒಂದೇ ಕಾಯಿಲೆ ಬಿಡಿ. ನನಗೆ ಕೇಳ್ಸಲ್ಲ, ನಿಮಗೆ ಹೇಳಕ್ಕಾಗಲ್ಲ."

ಅವಳು ನಕ್ಕಳು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಕೈ ನಿಲ್ಲಿಸಿ ಮಗಳತ್ತ ನೋಡಿದರು. ಈ ಮನೆಯಲ್ಲಿ ನಗುವಿನ ಸದ್ದು ಕೇಳಿ ತಿಂಗಳುಗಳೇ ಆಗಿದ್ದವು.

ರಾತ್ರಿ ಮಲಗಿದಾಗ ಮಾತ್ರ ಆ ಸುಳ್ಳು ಎದೆಯ ಮೇಲೆ ಬಂದು ಕೂರುತ್ತಿತ್ತು. 'ನಾಳೆ ಹೇಳಿಬಿಡ್ತೀನಿ... ನಾಳೆ...' ಎಂದುಕೊಳ್ಳುವಳು. ನಾಳೆ ಬಂದರೆ ನಾಲಗೆ ಏಳುತ್ತಿರಲಿಲ್ಲ.

ಬೇರಿಂಗು ಬಂದ ದಿನವೇ ಕಾರು ನೋಡಲು ಕೋಲಾರದ ಕಡೆಯವರೊಬ್ಬರು ಬಂದುಬಿಟ್ಟರು. ಚನ್ನಕೇಶವ ಆಗಷ್ಟೇ ಚಕ್ರದ ಕೊನೆಯ ನಟ್ಟು ಬಿಗಿಯುತ್ತಿದ್ದ. ಒಮ್ಮೆ ತಾನು ಓಡಿಸಿ ನೋಡುತ್ತೇನೆ ಎಂದ. ಮಾವ ಕೇಳಲಿಲ್ಲ. ಬಂದವರನ್ನು ಪಕ್ಕಕ್ಕೆ, ಅವನನ್ನು ಹಿಂದಕ್ಕೆ ಕೂರಿಸಿಕೊಂಡು ಕಾರನ್ನು ರಸ್ತೆಗೆ ಇಳಿಸಿದರು.

ಅಮರಾ ಬಾಗಿಲ ಹಿಂದೆ ನಿಂತಿದ್ದಳು. ಈಗಲಾದರೂ ಓಡಿಹೋಗಿ ಹೇಳಬಹುದಿತ್ತು. ಕಾಲು ಕದಲಲಿಲ್ಲ.

ಕಾರು ಹಿಂತಿರುಗಿ ಬೀದಿಯ ತಿರುವಿಗೆ ಬಂತು. ಗರ್... ಮೊದಲಿಗಿಂತ ಒರಟಾಗಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ.

ಒಂದು ಉಸಿರಿನಷ್ಟು ಹೊತ್ತು ಅವಳಿಗೆ ಸಂತೋಷವಾಯಿತು. ಮರುಕ್ಷಣವೇ ಹಿಂದಿನ ಸೀಟಿನಲ್ಲಿದ್ದ ಅವನ ಮುಖ ಕಾಣಿಸಿತು. ರಕ್ತವೆಲ್ಲ ಇಳಿದುಹೋದ ಮುಖ. ಆ ಮುಖ ಕಿಟಕಿಯಿಂದ ಅವಳನ್ನೇ ನೋಡುತ್ತಿತ್ತು.

ಕೋಲಾರದವರು ಕಾಫಿಗೂ ನಿಲ್ಲದೆ ಹೊರಟುಹೋದರು. ಆವುಲಪ್ಪ ಅವನನ್ನು ಕೂರಿಸಿಕೊಂಡೇ ಕಾರನ್ನು ಸೀದಾ ಗ್ಯಾರೇಜಿಗೆ ಓಡಿಸಿದರು.

ಅಲ್ಲಿ ನಡೆದದ್ದನ್ನು ಸಂಜೆ ಅವರೇ ಬಂದು ಹೇಳಿದರು. ಲಾಲ್ ಬಾಷಾ ಒಂದೇ ಒಂದು ಸುತ್ತು ಕೂತು, ಇದು ಬಲಗಡೆಯದು, ಮಗು ಕೂಡ ಹೇಳುತ್ತದೆ ಎಂದರಂತೆ. ಅದರ ಬೇರಿಂಗೂ ಬೆಂಗಳೂರಿನಿಂದಲೇ ಬರಬೇಕಂತೆ. ಎಡಗಡೆ ಯಾಕೆ ಬಿಚ್ಚಿದೆ ಎಂದು ಎಷ್ಟು ಕೇಳಿದರೂ ಹುಡುಗ ಬಾಯಿ ಬಿಡಲಿಲ್ಲವಂತೆ. ಬೈದರೂ ತಿರುಗಿ ನೋಡದೆ ನಿಂತಿದ್ದವನ ಎಡಗಿವಿಯ ಹತ್ತಿರ ಬಾಷಾ ಸ್ಪ್ಯಾನರಿನಿಂದ ಡಬ್ಬ ಬಡಿದರಂತೆ. ಅವನು ಬಲಕ್ಕೆ ತಿರುಗಿ ನೋಡಿದನಂತೆ.

"ಕಿವುಡ ಕಣೇ ಅವ್ನು! ಅಮರಾ ಬಲಗಡೆ ಅಂದಿದ್ದು ಅವ್ನಿಗೆ ಎಡಗಡೆ ಅಂತ ಕೇಳ್ಸಿರುತ್ತೆ. ಇಷ್ಟು ದಿನ ಮುಚ್ಚಿಟ್ಟು ಕೆಲಸ ಮಾಡಿದ್ದಾನೆ. ಬಾಷಾ ಸಾಬ್ರು ನಾಳೆಯಿಂದ ಬರ್ಬೇಡ ಅಂದ್ರು. ಗೌರಿಬಿದನೂರು ಕಡೆ ಕುಡುಮಲಕುಂಟೆ ಫ್ಯಾಕ್ಟರೀಲಿ ಮೂಟೆ ಹೊರ್ತಾನಂತೆ" ಎಂದು ನಕ್ಕರು ಮಾವ.

ಚನ್ನಕೇಶವ ಅಮರಾಳ ಹೆಸರು ಹೇಳಿರಲಿಲ್ಲ. ಹೇಳಿದ್ದರೆ ಬೈಗುಳವೆಲ್ಲ ಅವಳ ಪಾಲಿಗೆ ಬರುತ್ತಿತ್ತು, ಅವನ ಗುಟ್ಟು ಉಳಿಯುತ್ತಿತ್ತು.

ಮಾರನೆಯ ಬೆಳಗ್ಗೆ ಚನ್ನಕೇಶವ ಬಿಟ್ಟುಹೋಗಿದ್ದ ಸೈಕಲ್ಲು, ಜಾಕಿ ತೆಗೆದುಕೊಳ್ಳಲು ಬಂದ. ಕಣದಲ್ಲಿ ಯಾರೂ ಇರಲಿಲ್ಲ. ಅವಳು ಎದುರಿಗೆ ಬಂದು ನಿಂತಳು.

"ನಿಮಗೆ ಸರಿಯಾಗೇ ಕೇಳ್ಸಿತ್ತು ಅಲ್ವಾ?" ಎಂದು ಕೇಳಿದ. ಕೋಪವಿರಲಿಲ್ಲ ದನಿಯಲ್ಲಿ. ಅದೇ ಅವಳನ್ನು ಹೆಚ್ಚು ನೋಯಿಸಿತು.

ಅವಳು ತಲೆ ತಗ್ಗಿಸಿದಳು.

"ಇಲ್ಲೀವರೆಗೂ ಯಾರಿಗೂ ಹೇಳಿರ್ಲಿಲ್ಲ ನಾನು. ನಿಮಗೊಬ್ಬರಿಗೆ ಹೇಳ್ದೆ. ಅದನ್ನಿಟ್ಕೊಂಡು ಆಟ ಆಡೋಷ್ಟು ನಾನೇನು ಮಾಡಿದ್ದೆ ನಿಮಗೆ?"

'ಆಟವಲ್ಲ... ದೇವರಾಣೆ ಆಟವಲ್ಲ...' ಮಾತುಗಳು ಎದೆಯಲ್ಲೇ ಹೊರಳಾಡಿದವು. ಅವನು ಕಾದ. ಆಮೇಲೆ ಜಾಕಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟ. ಅವಳು "ನಿಲ್ಲಿ..." ಎಂದದ್ದು ಅವನು ಬೆನ್ನು ತಿರುಗಿಸಿದ ಮೇಲೆ, ಅದೂ ಎಡಗಡೆಯಿಂದ.

ಸೈಕಲ್ಲು ರಸ್ತೆ ಸೇರುವ ಹೊತ್ತಿಗೆ ಮಾವ ಪೇಟೆಯಿಂದ ಕಾರಿನಲ್ಲಿ ಬಂದರು. ತಿರುವಿನಲ್ಲಿ ಗರ್... ಎಂದಿತು. ಒಳಗೆ ಮಲಗಿದ್ದ ಅಮ್ಮ ದಡಬಡಿಸಿ ಎದ್ದು ಬಾಗಿಲವರೆಗೆ ಬಂದು, ಅಗುಳಿಯ ಮೇಲೆ ಕೈಯಿಟ್ಟು, ಅಲ್ಲೇ ನಿಂತುಬಿಟ್ಟರು. ಕೈ ಕೆಳಗೆ ಜಾರಿತು.

"ಏನಮ್ಮಾ?" ಎಂದಳು ಅಮರಾ.

"ಏನಿಲ್ಲ ಕಣೇ" ಎಂದರು ಅಮ್ಮಾಜಮ್ಮ. ಮತ್ತೆ ತಾವಾಗಿಯೇ ಹೇಳಿದರು. "ಆ ಸದ್ದು ಬಂದಾಗೆಲ್ಲ ಬಾಗ್ಲು ತೆಗೆಯಕ್ಕೆ ಎದ್ದುಬಿಡ್ತೀನಿ. ಬಂದ್ರು ಅನ್ಸುತ್ತೆ. ಬಾಗ್ಲು ಹತ್ರ ಬಂದಾಗ ನೆನಪಾಗುತ್ತೆ. ದಿನಾ ಒಂದೊಂದು ಸಲ ಸತ್ತಂಗಾಗುತ್ತೆ ನಿಮ್ಮಪ್ಪ... ಯಾವತ್ತು ನಿಲ್ಲುತ್ತೋ ಇದು."

ಅಮರಾವತಿ ಗೋಡೆಗೆ ಒರಗಿದಳು.

ತಾನು ಕೂಡಿಟ್ಟುಕೊಂಡ ಒಂದು ಉಸಿರು! ಅದರ ಬೆಲೆಯನ್ನು ಅಮ್ಮ ತೆರುತ್ತಿದ್ದರು, ದಿನವೂ, ಬಾಗಿಲ ಹಿಂದೆ ಒಬ್ಬರೇ ನಿಂತು. ಈಗ ಅವನೂ ತೆರುತ್ತಿದ್ದ.

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಒಬ್ಬಳೇ ಎಲ್ಲಿಗೆ ಎಂದು ಕೇಳುತ್ತಲೇ ಅಮ್ಮ ಸೆರಗು ಹೊದ್ದು ತಾವೂ ಹಿಂದೆ ಬಂದರು. ಇಬ್ಬರೂ ಚಿಂತಾಮಣಿಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮಗಳು ತುಟಿ ಅಲ್ಲಾಡಿಸುತ್ತಿದ್ದುದನ್ನು ತಾಯಿ ನೋಡಿದರು, ಏನೂ ಕೇಳಲಿಲ್ಲ.

ಗ್ಯಾರೇಜಿನ ಮುಂದೆ ಲಾಲ್ ಬಾಷಾ ಟೀ ಕುಡಿಯುತ್ತ ನಿಂತಿದ್ದರು. ನರೆತ ಗಡ್ಡದ, ಭಾರದ ಮನುಷ್ಯ. ಚನ್ನಕೇಶವ ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಅವರಿಗೆ ಕೈಮುಗಿಯುತ್ತಿದ್ದ.

"ಏನಮ್ಮ ತಾಯಿ, ಗಾಡಿ ಎಲ್ಲಿ?" ಎಂದರು ಬಾಷಾ.

ಕೆಲಸದವರೆಲ್ಲ ತಲೆಯೆತ್ತಿ ನೋಡಿದರು. ಅಮರಾ ನಡೆದು ಹೋಗಿ ಚನ್ನಕೇಶವನ ಬಲಕ್ಕೆ ನಿಂತಳು.

"ಇವರದ್ದು ತಪ್ಪಿಲ್ಲ. ಎಡಗಡೆ ಅಂತ ಹೇಳಿದ್ದು ನಾನು. ನನಗೆ ಬಲಗಡೆ ಅಂತ ಗೊತ್ತಿತ್ತು."

ಬಾಷಾ ಲೋಟ ಕೆಳಗಿಟ್ಟರು.

"ಯಾಕೆ?" ಎಂದ ಚನ್ನಕೇಶವ.

"ಅದು ನಿಂತ್ರೆ ಅಪ್ಪ ಹೋಗ್ಬಿಡ್ತಾರೆ ಅಂತ..." ಅವಳ ದನಿ ಒಡೆಯಿತು. "ಅವರು ಹೋಗಿ ಆಗಿತ್ತು. ನಾನೇ ಒಪ್ಕೊಂಡಿರ್ಲಿಲ್ಲ."

ಅಪ್ಪನನ್ನು ಸುಟ್ಟು ಬಂದ ದಿನವೂ ಅಳದಿದ್ದ ಹುಡುಗಿ ಆ ಎಣ್ಣೆಗಪ್ಪಿನ ಅಂಗಳದಲ್ಲಿ ನಿಂತು ಅತ್ತಳು. ಅಮ್ಮಾಜಮ್ಮ ಬಂದು ಮಗಳ ತಲೆಯನ್ನು ಎದೆಗೆ ಒತ್ತಿಕೊಂಡರು. ಕೆಲಸದವರು ಒಬ್ಬೊಬ್ಬರೇ ಬೇರೆ ಕ‍ಡೆ ಮುಖ ತಿರುಗಿಸಿದರು.

ಲಾಲ್ ಬಾಷಾ ಚನ್ನಕೇಶವನ ಹತ್ತಿರಕ್ಕೆ ಬಂದರು. ಕಿವಿಗಲ್ಲ ತಾನು ಸಿಟ್ಟಾದದ್ದು, ಮುಚ್ಚಿಟ್ಟದ್ದಕ್ಕೆ ಎಂದರು. "ಸದ್ದು ಕೇಳೋಕೆ ಗ್ಯಾರೇಜ್ ತುಂಬ ಕಿವಿ ಇದಾವೆ ಕಣಪ್ಪ. ನಿನ್ನಂಥ ಕೈ ಎಲ್ಲಿಂದ ತರ್ಲಿ ನಾನು? ಇರೋದು, ಹೋಗೋದು ನಿನಗೆ ಬಿಟ್ಟಿದ್ದು."

ಚನ್ನಕೇಶವ ಚೀಲವನ್ನು ಕೆಳಗಿಡಲಿಲ್ಲ. ಈ ಊರಿನಲ್ಲಿ ಇನ್ನು ಎಲ್ಲರೂ ಕಿವುಡ ಎಂದೇ ಕರೆಯುತ್ತಾರೆ, ಆ ಫ್ಯಾಕ್ಟರಿಯಲ್ಲಿ ಯಾರಿಗೂ ತನ್ನ ಕಿವಿಯ ಸಂಗತಿ ಗೊತ್ತಿಲ್ಲ ಎಂದ. ಹೇಳುವಾಗ ಅವನ ಕಣ್ಣು ರಸ್ತೆಯ ಕಡೆಗಿತ್ತು.

ಅಮರಾ ಕಣ್ಣೊರೆಸಿಕೊಂಡಳು. "ಅಮ್ಮ ನೆಮ್ಮದಿಯಾಗಿ ಮಲಗ್ಬೇಕು. ಬಲಗಡೆ ಚಕ್ರ ಬಿಚ್ಚಿ. ನೀವೇ ಬಿಚ್ಬೇಕು."

"ಅದನ್ನ ಉಸ್ತಾದ್ ಮಾಡ್ತಾರೆ. ಚಕ್ರಕ್ಕೋಸ್ಕರ ನಾನು ಇರ್ಬೇಕಾಗಿಲ್ಲ." ಅವನು ತಿರುಗಿ ಅಂದು ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. "ಇಷ್ಟಾದ್ಮೇಲೂ ನೀವು ಏನು ಹೇಳಿದ್ರೆ ಅದನ್ನೇ ನಂಬ್ತೀನಿ, ಅದೇ ನನ್ನ ಕರ್ಮ. ನೀವೇ ಹೇಳಿ. ಹೋಗ್ಲಾ, ಇರ್ಲಾ?"

ಅಮ್ಮ ಅಲ್ಲಿದ್ದರು. ಬಾಷಾ ಅಲ್ಲಿದ್ದರು. ಗ್ಯಾರೇಜಿಗೆ ಗ್ಯಾರೇಜೇ ಅಲ್ಲಿತ್ತು. ಮಾತನ್ನು ಮೊದಲು ಮನಸ್ಸಿನಲ್ಲಿ ಆಡಿ ನೋಡಿಕೊಳ್ಳುವ ಅಭ್ಯಾಸ ಅವಳಿಗೆ ಆಗ ನೆನಪಾಗಲೇ ಇಲ್ಲ.

"ಇರಿ" ಎಂದಳು ಅಮರಾವತಿ, ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿಸುವಂತೆ. "ನನಗೆ ನೀವು ಬೇಕು."